ಹಸೆಮಣೆಯ ಅರಸುತನ: ತುಮಕೂರು ಸೀಮೆಯ ಮದುವೆಗಳಲ್ಲಿ ವಧೂವರರ ಗೌರವ

ಮದುವೆಯೆಂಬುದು ಎರಡು ಕುಲಗಳ ಕೂಡುವಿಕೆ ಮಾತ್ರವಲ್ಲ. ಸಾಮಾನ್ಯರಾದ ಇಬ್ಬರನ್ನು ಕೆಲವು ದಿನಗಳ ಮಟ್ಟಿಗೆ ಇಡೀ ಊರು ಅರಸು ಅರಸಿಯರಂತೆ ಕಾಣುವ ಸಂದರ್ಭವೂ ಹೌದು. ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದ ಗ್ರಾಮೀಣ ವಿವಾಹ ಶಾಸ್ತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಅವುಗಳ ಒಳ ಅರ್ಥ ಸ್ಪಷ್ಟವಾಗುತ್ತದೆ.

ಹಳೆಯ ಪದ್ಧತಿಯಲ್ಲಿ ಮನೆಯ ಮುಂದೆ ಹಸಿರು ಚಪ್ಪರ ಏಳುತ್ತಿತ್ತು. ಹಾಲು ಒಸರುವ ಮರದ ಕೊಂಬೆಯನ್ನು ಹಾಲುಗಂಬವಾಗಿ ನಿಲ್ಲಿಸುತ್ತಿದ್ದರು. ಕುಂಬಾರರ ಮನೆಯಿಂದ ಐರಣೆ ಮಡಕೆಗಳು ವಾದ್ಯಸಹಿತವಾಗಿ ಬರುತ್ತಿದ್ದವು. ಅರಿಶಿನ ಹಚ್ಚಿ ಕಂಕಣ ಕಟ್ಟಿದ ಬಳಿಕ ಮದುವಣಿಗ ಮದುವಣಗಿತ್ತಿಯರು ದುಡಿಮೆಯಿಂದ ಮುಕ್ತರು. ಒಂಟಿಯಾಗಿ ಹೊರಗೆ ಹೋಗುವಂತಿಲ್ಲ. ಹಣೆಗೆ ಕಟ್ಟುವ ಬಾಸಿಂಗ ಕಿರೀಟದ ಪ್ರತಿರೂಪ. ಕೆಲವು ಸಮುದಾಯಗಳಲ್ಲಿ ವರನ ಕೈಗೆ ಕಠಾರಿಯನ್ನು ಕೊಡುವುದುಂಟು. ಅವರು ಹಸೆಗೆ ಬರುವಾಗ ಮಡಿವಾಳರು ನಡೆಮುಡಿ ಹಾಸುತ್ತಿದ್ದರು. ಬರಿ ನೆಲವನ್ನು ತುಳಿಯದೆ ಮಡಿಬಟ್ಟೆಯ ಮೇಲೆ ನಡೆಯುವುದು ರಾಜಮರ್ಯಾದೆಯೇ ಸರಿ.

ಈ ಗೌರವದಲ್ಲಿ ಮಾತಿಗೂ ಸ್ಥಾನವಿದೆ. ಹಸೆಗೆ ಕರೆಯುವಾಗ, ಆರತಿ ಬೆಳಗುವಾಗ ಹೆಂಗಸರು ಹಾಡುವ ಸೋಬಾನೆ ಪದಗಳಲ್ಲಿ ಬಡ ಒಕ್ಕಲಿನ ಮಗಳೂ ಚೆಲುವೆಯೇ. ಆಕೆಯ ಕೈಹಿಡಿಯುವವನು ದೊರೆಯೇ. ನೆಂಟರು ಅಕ್ಷತೆ ಹಾಕಿ ಮುಯ್ಯಿ ಮಾಡುತ್ತಾರೆ. ಇಂದು ಪಡೆದ ಮುಯ್ಯಿಯನ್ನು ನಾಳೆ ಅವರ ಮನೆಯ ಮದುವೆಯಲ್ಲಿ ತೀರಿಸಬೇಕು. ಹೀಗೆ ಗೌರವವು ಊರಿನೊಳಗೆ ಕೈಯಿಂದ ಕೈಗೆ ಸಾಗುವ ಋಣವಾಗುತ್ತದೆ.

ಇಂಥ ಭಾವನೆ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಯೆಹೂದಿ ಸಂಪ್ರದಾಯವು ಮದುಮಗನನ್ನು ರಾಜನಿಗೆ ಸಮಾನನೆಂದು ಭಾವಿಸುತ್ತದೆ. 'ಹುಪ್ಪಾ' ಎಂಬ ಚಪ್ಪರದ ಕೆಳಗೆ ವಿವಾಹ ನಡೆದ ಮೇಲೆ ಏಳು ದಿನಗಳ ಕಾಲ ಔತಣವಿರುತ್ತದೆ. ವಧೂವರರನ್ನು ಸಂತೋಷಪಡಿಸುವುದು ನೆರೆದವರ ಧಾರ್ಮಿಕ ಕರ್ತವ್ಯ. ವಧುವನ್ನು ಹೇಗೆ ಹೊಗಳಬೇಕೆಂಬ ಜಿಜ್ಞಾಸೆಯೊಂದು ತಾಲ್ಮುಡ್ ಗ್ರಂಥದಲ್ಲಿದೆ. ಇದ್ದುದನ್ನು ಇದ್ದಂತೆ ಹೇಳಬೇಕೆಂಬುದು ಶಮ್ಮಾಯ್ ಪಂಥದ ಮತ; ಪ್ರತಿಯೊಬ್ಬ ವಧುವೂ ಸುಂದರಿ, ಗುಣವತಿ ಎಂದೇ ಹೊಗಳಬೇಕೆಂಬುದು ಹಿಲ್ಲೆಲ್ ಪಂಥದ ಮತ. ನಮ್ಮ ಸೋಬಾನೆಯ ಹಾಡುಗಾರ್ತಿಯರು ಹಿಲ್ಲೆಲನ ಪಕ್ಷದವರೆಂದು ಬೇರೆ ಹೇಳಬೇಕಿಲ್ಲ. ವಧುವಿನ ಮೆರವಣಿಗೆಗೆ ಅಗ್ರಿಪ್ಪ ಎಂಬ ಅರಸನೇ ದಾರಿ ಬಿಟ್ಟುಕೊಟ್ಟನೆಂದೂ ಆ ಗ್ರಂಥ ಹೇಳುತ್ತದೆ. ದಕ್ಷಿಣ ಭಾರತದಲ್ಲಿಯೇ ಕೊಚ್ಚಿಯ ಯೆಹೂದಿ ಮಹಿಳೆಯರು ಮಲೆಯಾಳ ಭಾಷೆಯಲ್ಲಿ ಮದುವೆಯ ಹಾಡುಗಳನ್ನು ಹಾಡುತ್ತಿದ್ದರು.

ಅರಸನೇ ದಾರಿ ಬಿಟ್ಟ ಈ ಕಥೆಯ ಎದುರಿಗೆ ನಮ್ಮ ಸಮಾಜದ ಇನ್ನೊಂದು ಮುಖವನ್ನು ಇಟ್ಟು ನೋಡುವುದು ಅವಶ್ಯಕ. ದೇಶದ ಹಲವೆಡೆ ಅಸ್ಪೃಶ್ಯರೆನಿಸಿದವರ ಮದುಮಗನಿಗೆ ಕುದುರೆಯನ್ನಾಗಲಿ, ಬೀದಿಯ ಮೆರವಣಿಗೆಯನ್ನಾಗಲಿ ನಿರಾಕರಿಸಲಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಆದರೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದು, ಅವರ ಮದುವೆಯ ಮೆರವಣಿಗೆಯನ್ನೂ ಅದರಲ್ಲಿ ಕುದುರೆ ಏರುವುದನ್ನೂ ತಡೆಯುವುದು ಅಪರಾಧವೆಂದು ಪ್ರತ್ಯೇಕವಾಗಿ ನಮೂದಿಸಬೇಕಾಯಿತು. ನಡೆಮುಡಿ ಹಾಸುವ ಕೆಲಸವೂ ಜಾತಿಗೆ ಅಂಟಿದ ಸೇವೆಯಾಗಿತ್ತೆಂಬುದನ್ನು ಮರೆಯಲಾಗದು.

ಇಂದು ಮದುವೆಗಳು ಮನೆಯಂಗಳದಿಂದ ಕಲ್ಯಾಣ ಮಂಟಪಗಳಿಗೆ ಬಂದಿವೆ. ಐರಣೆ, ನಡೆಮುಡಿಗಳು ವಿರಳವಾಗಿವೆ. ಸೋಬಾನೆಯ ಸ್ಥಾನವನ್ನು ಧ್ವನಿವರ್ಧಕ ಆಕ್ರಮಿಸಿದೆ. ಬಿಟ್ಟಿ ಸೇವೆ ಅಳಿದುದಕ್ಕೆ ವ್ಯಸನ ಬೇಡ. ಆದರೆ ಯಾರೇ ಆಗಲಿ, ಹಸೆಮಣೆ ಏರಿದ ದಿನ ಅವರು ಅರಸರು, ಉಳಿದವರು ದಾರಿ ಬಿಡಬೇಕು ಎಂಬ ತತ್ತ್ವ ಅಮೂಲ್ಯವಾದುದು. ಅದು ಎಲ್ಲ ಬೀದಿಗಳಲ್ಲಿಯೂ, ಎಲ್ಲ ಮನೆಗಳ ಮಕ್ಕಳಿಗೂ ಸಲ್ಲುವಂತಾದಾಗಲೇ ಬಾಸಿಂಗ ನಿಜವಾದ ಕಿರೀಟವಾದೀತು.