ಚಿಟಿಕೆಯಷ್ಟು ಇಂಗು

ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ, ಭಾರತದ ಔಷಧದ್ರವ್ಯಗಳನ್ನು ಕುರಿತು ಸಂವಾದರೂಪದಲ್ಲಿ ರಚಿಸಿ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಗ್ರಂಥದಲ್ಲಿ, ವಿಜಯನಗರದ ಒಂದು ಕುದುರೆಯ ವೃತ್ತಾಂತವುಂಟು. ಬಹುಮೂಲ್ಯವಾದ ಆ ಅಶ್ವಕ್ಕೆ ಹೊಟ್ಟೆಯುಬ್ಬರದ ಬಾಧೆಯಿದ್ದುದರಿಂದ ಅರಸನು ಅದನ್ನು ಕೊಳ್ಳಲೊಲ್ಲದೆ ಹೋಗಲು, ಒಡೆಯನಾದ ಪೋರ್ಚುಗೀಸನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿ ಅದನ್ನು ಗುಣಪಡಿಸಿದನಂತೆ. ಚಿಕಿತ್ಸೆಯ ಮರ್ಮವನ್ನು ಕೇಳಿ ತಿಳಿದ ಅರಸನು, ದೇವತೆಗಳ ಆಹಾರವನ್ನೇ ಉಣಿಸಿದ ಮೇಲೆ ಅಚ್ಚರಿಪಡುವುದೇನುಂಟೆಂದನಂತೆ. ಮಾರಿದವನಾದರೋ, ಪಿಶಾಚಗಳ ಆಹಾರವೆಂದರೆ ಒಪ್ಪೀತೆಂದು ತನ್ನ ನುಡಿಯಲ್ಲಿ ಮೆಲ್ಲನೆ ಹೇಳಿಕೊಂಡನಂತೆ.

ಆ ರಾಜಧಾನಿಯ ಹೆಸರನ್ನೇ ಇಂದು ಹೊತ್ತಿರುವ ಜಿಲ್ಲೆಯಲ್ಲಿ, ಕೂಡ್ಲಿಗಿಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯ ಮೇಲಿನ ಕಾನಹೊಸಹಳ್ಳಿಯಂಥ ಊರುಗಳಲ್ಲಿ, ಕಾದ ಶೇಂಗಾ ಎಣ್ಣೆಗೆ ಸಾಸಿವೆ ಸಿಡಿದು ಇಂಗು ಬಿದ್ದೊಡನೆ ಏಳುವ ಘಮವು ಅರಸನ ಪಕ್ಷವನ್ನೇ ವಹಿಸುತ್ತದೆ. ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತೆಂಬ ಗಾದೆಯಿರುವ ಈ ನಾಡಿನಲ್ಲಿ ಇಂಗಿನ ಗಿಡವನ್ನು ಕಂಡವರು ಮಾತ್ರ ವಿರಳ. ಕೊತ್ತಂಬರಿ, ಜೀರಿಗೆಗಳ ಕುಲಕ್ಕೇ ಸೇರಿದ ಈ ಸಸ್ಯ ಇರಾನ್, ಅಫ್ಘಾನಿಸ್ತಾನಗಳ ಶೀತಲ ಒಣನೆಲದ್ದು. ನಾಲ್ಕೈದು ವರ್ಷ ಬೆಳೆದ ಗಿಡದ ಬುಡವನ್ನು ಕೊಯ್ದಾಗ ಒಸರುವ ಹಾಲು ಹೆಪ್ಪುಗಟ್ಟಿದರೆ ಇಂಗಾಗುತ್ತದೆ. ಅದನ್ನು ಕೆರೆದು ತೆಗೆದು, ಮತ್ತೆ ಕೊಯ್ದು, ಬೇರು ಬರಿದಾಗುವವರೆಗೂ ಸಂಗ್ರಹಿಸುತ್ತಾರೆ. ಅಮರಕೋಶವು ಹೇಳುವ ಬಾಹ್ಲೀಕ, ರಾಮಠವೆಂಬ ಪರ್ಯಾಯನಾಮಗಳು ವಾಯವ್ಯ ದಿಕ್ಕಿನ ನಾಡುಗಳನ್ನೇ ಸೂಚಿಸುತ್ತವೆ. ಇಷ್ಟು ಪುರಾತನವಾದ ನಂಟಿದ್ದರೂ, ನಮ್ಮ ನೆಲದಲ್ಲಿ ಇದನ್ನು ಕ್ರಮಬದ್ಧವಾಗಿ ಬೆಳೆಯುವ ಯತ್ನವು, ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯವರು 2020ರ ಅಕ್ಟೋಬರ್ 15ರಂದು ಲಾಹೌಲ್ ಕಣಿವೆಯ ಕ್ವಾರಿಂಗ್ ಗ್ರಾಮದಲ್ಲಿ ಮೊದಲ ಸಸಿಯನ್ನು ನೆಟ್ಟಂದಿನಿಂದ ಆರಂಭವಾಯಿತು.

ಗಂಧಕಾಂಶದಿಂದ ಹುಟ್ಟುವ ಇದರ ಉಗ್ರವಾಸನೆ ಬಿಸಿಯೆಣ್ಣೆಯಲ್ಲಿ ಪಳಗಿ ಈರುಳ್ಳಿ, ಬೆಳ್ಳುಳ್ಳಿಗಳ ಪರಿಮಳಕ್ಕೆ ತಿರುಗುವಂತೆ, ವೈದ್ಯನ ಕೈಯಲ್ಲಿಯೂ ಇದು ಹದಕ್ಕೆ ಬರಬೇಕು. ಆಯುರ್ವೇದವು ಇದನ್ನು ದೀಪನ, ಪಾಚನವೆಂದೂ ವಾಯುವನ್ನು ಕೆಳಮುಖವಾಗಿ ನಡೆಸುವ ದ್ರವ್ಯವೆಂದೂ ಬಗೆದು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಸೈಂಧವಲವಣ, ಎರಡು ಬಗೆಯ ಜೀರಿಗೆಗಳೊಡನೆ ಸೇರಿಸಿ ಹಿಂಗ್ವಷ್ಟಕ ಚೂರ್ಣವನ್ನು ಕಲ್ಪಿಸಿತು. ಮಗು ಹೊಟ್ಟೆನೋವೆಂದು ಅತ್ತಾಗ ಹೊಕ್ಕುಳಿನ ಸುತ್ತ ಇಂಗು ತೇದು ಹಚ್ಚುವ ಅಜ್ಜಿಯರ ಉಪಚಾರವೂ ಇದೇ ತಿಳಿವಳಿಕೆಯ ಕವಲು. ಎಳೆಯ ಕೂಸಿಗೆ ಅದನ್ನು ಹೊಟ್ಟೆಗೆ ಕೊಡುವುದು ಮಾತ್ರ ಅಪಾಯಕರ.

ಜರ್ಮನಿಯ ಸಾಮ್ಯುಯೆಲ್ ಹಾನಿಮನ್ (1755–1843) ಸ್ಥಾಪಿಸಿದ ಹೋಮಿಯೋಪತಿ ಇದೇ ದ್ರವ್ಯವನ್ನು ವಿರುದ್ಧ ದಿಕ್ಕಿನಿಂದ ನೋಡುತ್ತದೆ. ಆರೋಗ್ಯವಂತನಲ್ಲಿ ಯಾವುದು ಬಾಧೆಯನ್ನು ಎಬ್ಬಿಸುವುದೋ ಅದೇ ಅತ್ಯಲ್ಪವಾಗಿ ಆ ಬಾಧೆಯನ್ನು ಶಮನಗೊಳಿಸುವುದೆಂಬುದು ಅದರ ಸೂತ್ರವಾದ್ದರಿಂದ, ವಾಯು ಮೇಲ್ಮುಖವಾಗಿ ಒತ್ತಿ ಗಂಟಲಿಗೆ ಉಂಡೆಯೊಂದು ಏರಿದಂತಾಗುವ ರೋಗಿಗೆ ಅದು 'ಆಸಾಫೀಟಿಡಾ'ವನ್ನು ಸೂಚಿಸುತ್ತದೆ. ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದಂದಿನಿಂದ ಈ ಪದ್ಧತಿ ಕನ್ನಡನಾಡಿನಲ್ಲಿ ಬೇರೂರಿತು. ಇಂಗಿನ ಮದ್ಯಸಾರದ ಅರ್ಕವನ್ನು ನೂರಕ್ಕೊಂದರಂತೆ ಮೂವತ್ತು ಬಾರಿ ತೆಳುವಾಗಿಸಿದರೆ ಮೂವತ್ತರ 'ಪೊಟೆನ್ಸಿ'. ಹನ್ನೆರಡನೆಯ ಹಂತವನ್ನು ದಾಟುವಷ್ಟರಲ್ಲಿಯೇ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ತೀರ ಕಡಮೆಯೆಂದು ರಸಾಯನಶಾಸ್ತ್ರ ಆಕ್ಷೇಪಿಸುತ್ತದೆ. ಆ ಆಕ್ಷೇಪಕ್ಕೆ ಸಮಾಧಾನ ದೊರೆತಿಲ್ಲವೆಂಬುದೇ ನನ್ನ ಭಾವನೆ. ಬಿಡದೆ ಕಾಡುವ ಉದರಶೂಲೆಯುಳ್ಳವನು ಸಿಹಿಗುಳಿಗೆಯನ್ನಾಗಲಿ ಮಜ್ಜಿಗೆಯ ಇಂಗನ್ನಾಗಲಿ ನೆಚ್ಚಿ ಕಾಲಹರಣ ಮಾಡದೆ ಆಸ್ಪತ್ರೆಗೆ ಹೋಗುವುದೇ ಉಚಿತ.

ಇಂಗಿನ ವಿಷಯದಲ್ಲಿ ಗೌರವಕ್ಕೆ ಪಾತ್ರವಾದುದು ನಮ್ಮ ಅಡಿಗೆಮನೆಯ ಪ್ರಮಾಣಬುದ್ಧಿ. ಶುದ್ಧವಾದ ಇಂಗಿನ ಉಗ್ರತೆ ಸಹಿಸಲಸದಳವಾದ್ದರಿಂದ, ಅಂಗಡಿಯ ಇಂಗು ಗೋಂದಿನೊಡನೆಯೂ ಹಿಟ್ಟಿನೊಡನೆಯೂ ಬೆರೆತೇ ನಮ್ಮ ಮನೆಗೆ ಬರುತ್ತದೆ. ಆ ಕುದುರೆಯ ಒಡೆಯನೂ ಹಿಟ್ಟಿನಲ್ಲಿ ಬೆರೆಸಿಯೇ ತಿನ್ನಿಸಿದ್ದನಷ್ಟೆ. ಅರಸನು ಗುಣವನ್ನು ಕಂಡನು, ಅವನು ವಾಸನೆಯನ್ನು ಕಂಡನು, ಎರಡೂ ದಿಟವೇ. ಒಲೆಯ ಮುಂದೆ ನಿಂತು ಎರಡು ಬೆರಳಿನ ನಡುವೆ ಹಿಡಿದಷ್ಟನ್ನೇ ಎಣ್ಣೆಗೆ ಬಿಡುವ ಕೈಯು ಅವೆರಡನ್ನೂ ನಿತ್ಯವೂ ತೂಗುತ್ತಿದೆ.