ಸೈಕಲ್ ಸವಾರನ ಶಿರಸ್ತ್ರಾಣ

1935ರ ಮೇ 13ರಂದು ಇಂಗ್ಲೆಂಡಿನ ಒಂದು ಹಳ್ಳಿದಾರಿಯಲ್ಲಿ ಮೋಟಾರ್ ಸೈಕಲ್ ಸವಾರರೊಬ್ಬರು, ಮುಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದರು. ತಲೆಗೆ ಪೆಟ್ಟಾಗಿ, ಮತ್ತೆ ಪ್ರಜ್ಞೆ ಬಾರದೆ, ಆರು ದಿನಗಳ ಮೇಲೆ ತೀರಿಕೊಂಡರು. ‘ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್’ ಗ್ರಂಥದ ಕರ್ತೃ ಟಿ. ಇ. ಲಾರೆನ್ಸ್ ಅವರೇ ಆ ಸವಾರರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರೂ ಇದ್ದರು. 1941ರಲ್ಲಿ ಕೇರ್ನ್ಸ್, ಮೋಟಾರ್ ಸೈಕಲ್ ಸವಾರರ ತಲೆಗಾಯಗಳನ್ನು ಪರಿಶೀಲಿಸಿ, ಶಿರಸ್ತ್ರಾಣದ ಉಪಯೋಗವನ್ನು ವೈದ್ಯಲೋಕದ ಮುಂದಿಟ್ಟರು.

ಮೋಟಾರ್ ಸೈಕಲ್ಲಿನ ಮಟ್ಟಿಗೆ ನಮ್ಮಲ್ಲಿ ಆ ಚರ್ಚೆ ಮುಗಿದಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 129ನೆಯ ಪ್ರಕರಣವು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಆದರೆ ತುಳಿದು ಸಾಗುವ ಸೈಕಲ್ಲು ಮೋಟಾರು ವಾಹನವಲ್ಲ. ಆ ನಿಯಮ ಅದಕ್ಕೆ ಅನ್ವಯಿಸದು. ಹಾಗಾದರೆ ಸೈಕಲ್ ಸವಾರನು ಹೆಲ್ಮೆಟ್ ತೊಡಬೇಕೇ? ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ತೊಡುವುದು ವಿವೇಕವೇ ಎಂಬುದು ಒಂದು. ತೊಡದವನಿಗೆ ದಂಡ ವಿಧಿಸಬೇಕೇ ಎಂಬುದು ಇನ್ನೊಂದು.

ಸೈಕಲ್ ಹೆಲ್ಮೆಟ್ಟಿನ ತಿರುಳು ಥರ್ಮೋಕೋಲಿನ ಜಾತಿಯ ಗಟ್ಟಿ ನೊರೆ. ತಲೆ ನೆಲಕ್ಕೆ ಅಪ್ಪಳಿಸಿದಾಗ ಅದು ಜಜ್ಜಿಹೋಗುತ್ತದೆ. ಜಜ್ಜಿಹೋಗುವುದೇ ಅದರ ಧರ್ಮ. ತಲೆಯು ಥಟ್ಟನೆ ನಿಲ್ಲದೆ ಕ್ಷಣದ ಒಂದಂಶ ತಡೆದು ನಿಲ್ಲುವುದರಿಂದ ಮಿದುಳಿಗೆ ಆಗುವ ಆಘಾತ ತಗ್ಗುತ್ತದೆ. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದೆನ್ನುವುದು ಇದಕ್ಕಾಗಿಯೇ. ಯೂರೋಪಿನ ಮಾನದಂಡದಂತೆ ಇದನ್ನು ಪರೀಕ್ಷಿಸುವ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಜಾರಿ ಬಿದ್ದವನಿಗೆ ಇದು ಆಸರೆ. ಲಾರಿ ಬಡಿದವನಿಗೆ ಅದೇ ಭರವಸೆ ಕೊಡಲಾರದು. ಆದರೂ, 64,000ಕ್ಕೂ ಹೆಚ್ಚು ಗಾಯಾಳು ಸವಾರರ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಹೆಲ್ಮೆಟ್ ತೊಟ್ಟವರಲ್ಲಿ ತೀವ್ರ ತಲೆಗಾಯದ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯೆಂದು ಕಂಡಿತು. ಆದ್ದರಿಂದ ಮೊದಲ ಪ್ರಶ್ನೆಗೆ ಹೌದೆಂದೇ ಉತ್ತರ. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದೆಂದು ನಮ್ಮ ಹಿರಿಯರೂ ಹೇಳಿದ್ದಾರೆ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಜಗತ್ತಿನಲ್ಲಿ ಮೊದಲಬಾರಿಗೆ, 1990ರ ಜುಲೈ 1ರಿಂದ, ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು ಸೈಕಲ್ ಸವಾರರೆಲ್ಲರಿಗೂ ಹೆಲ್ಮೆಟ್ ಕಡ್ಡಾಯಗೊಳಿಸಿತು. ತಲೆಗಾಯಗಳು ಇಳಿದವು. ಜೊತೆಗೆ, ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೂ ಇಳಿಯಿತು. ಗಾಯ ಕಡಿಮೆಯಾದದ್ದರಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸವಾರರೇ ಕಡಿಮೆಯಾದದ್ದರ ಪಾಲೆಷ್ಟು ಎಂಬ ವಾದ ಇನ್ನೂ ನಿಂತಿಲ್ಲ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಇಂಥದೇ ನಿಯಮವನ್ನು 2022ರಲ್ಲಿ ಹಿಂತೆಗೆದುಕೊಂಡರು. ದಂಡದ ಭಾರ ಮನೆಯಿಲ್ಲದವರ ಮತ್ತು ಕರಿಯರ ಮೇಲೆ ಹೆಚ್ಚಾಗಿ ಬೀಳುತ್ತಿತ್ತೆಂಬುದು ಅದಕ್ಕೆ ಕಾರಣ.

ನೆದರ್‌ಲೆಂಡ್ಸ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. ಮಕ್ಕಳ ತಲೆಗೆ ಹೆಲ್ಮೆಟ್ ತೊಡಿಸಿರೆಂದು ಅವರು ಕೇಳಲಿಲ್ಲ. ಮಕ್ಕಳು ಸಾಯದಂಥ ಬೀದಿಗಳನ್ನು ಕೇಳಿದರು. ಪ್ರತ್ಯೇಕ ಸೈಕಲ್ ಪಥಗಳು ಬೆಳೆದವು. ವಸತಿಬೀದಿಗಳಲ್ಲಿ ಮೋಟಾರುಗಳ ವೇಗ ತಗ್ಗಿತು. ಅಲ್ಲಿ ಬರಿದಲೆಯಲ್ಲಿ ಸವಾರಿ ಮಾಡುವವರೇ ಬಹುಪಾಲು. ಆದರೆ 2022ರಲ್ಲಿ ಆ ನಾಡಿನಲ್ಲೂ 291 ಸೈಕಲ್ ಸವಾರರು ಮೃತರಾದರು. ಅವರಲ್ಲಿ ವೃದ್ಧರೇ ಹೆಚ್ಚು. ಒಳ್ಳೆಯ ದಾರಿಯಿದ್ದರೂ ಬೀಳುವ ತಲೆಗೆ ರಕ್ಷೆ ಬೇಕೆಂಬುದನ್ನು ಇದು ನೆನಪಿಸುತ್ತದೆ.

ನಮ್ಮ ಊರುಗಳಲ್ಲಿ ಇಂದಿಗೂ ಸೈಕಲ್ ತುಳಿಯುವವರು ಯಾರು? ಶಾಲೆಯ ಮಕ್ಕಳು, ನಸುಕಿನಲ್ಲಿ ಪತ್ರಿಕೆ ಹಂಚುವವರು, ಕೂಲಿಗೆ ಹೋಗುವವರು. ಕೈಲಾದವರು ಹೆಲ್ಮೆಟ್ ತೊಡಲಿ. ಮಕ್ಕಳಿಗೆ ಹಿರಿಯರು ತೊಡಿಸಲಿ. ಆದರೆ ರಸ್ತೆಯ ಅಂಚನ್ನೂ ಅವರಿಗೆ ಉಳಿಸದೆ, ದಂಡದ ಚೀಟಿಯನ್ನಷ್ಟೇ ಅವರ ಕೈಗಿಡುವುದು ನ್ಯಾಯವಲ್ಲ. ಸವಾರನು ತನ್ನ ತಲೆಯನ್ನು ಕಾಯ್ದುಕೊಳ್ಳಲಿ. ದಾರಿಯನ್ನು ಕಾಯುವ ಹೊಣೆಯನ್ನು ಮಾತ್ರ ಅವನ ತಲೆಗೆ ಕಟ್ಟಬಾರದು.