ಅಜ್ಜಿಯ ಪಾದದ ಜೋಮು: ಸಕ್ಕರೆ ಕಾಯಿಲೆಯೊಂದೇ ಕಾರಣವೇ?

ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುವ ಅಜ್ಜಿ, "ಪಾದ ಜೋಮು ಹಿಡಿದಂತಿದೆ, ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ" ಎನ್ನುತ್ತಾರೆ. ಮನೆಯವರು ಅದನ್ನು ವಯಸ್ಸಿನ ಅಥವಾ ಸಕ್ಕರೆಯ ಪರಿಣಾಮವೆಂದು ಭಾವಿಸಿ ಸುಮ್ಮನಾಗುವುದುಂಟು. ಆದರೆ ಇದೇ ಲಕ್ಷಣಕ್ಕೆ ರಕ್ತದಲ್ಲಿನ ವಿಟಮಿನ್ ಬಿ12 ಕೊರತೆಯೂ ಕಾರಣವಾಗಿರಬಹುದು. ಬೇಗ ಪತ್ತೆಯಾದರೆ ಇದರ ಚಿಕಿತ್ಸೆ ಸುಲಭ. ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು.

ಕೆಂಪು ರಕ್ತಕಣಗಳ ರಚನೆಗೂ ನರತಂತುಗಳನ್ನು ಆವರಿಸಿರುವ ಪೊರೆಯ ರಕ್ಷಣೆಗೂ ಬಿ12 ಅವಶ್ಯಕ. ವಯಸ್ಕರಿಗೆ ದಿನಕ್ಕೆ ಬೇಕಾದುದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಆದರೆ ರಾಗಿ, ಜೋಳ, ಬೇಳೆ, ಸೊಪ್ಪುಗಳಿಂದ ಅದು ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳೇ ಅದರ ಮೂಲ. ಕರಾವಳಿಯ ಬೂತಾಯಿ, ಬಂಗುಡೆಗಳಲ್ಲಿ ಅದು ಹೇರಳವಾಗಿದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಮಕ್ಕಳಿಗೆ ಹಾಲು ಬಡಿಸಿ ತಾವು ತಿಳಿಮಜ್ಜಿಗೆಯಲ್ಲಿ ಊಟ ಮುಗಿಸುವ ಹಿರಿಯ ಹೆಂಗಸರಿಗೆ ಕೊರತೆಯಾಗುವುದು ಸಹಜ.

ವಯಸ್ಸಾದಂತೆ ಜಠರದ ಆಮ್ಲ ಕುಗ್ಗಿ, ಆಹಾರದಿಂದ ಬಿ12 ಬಿಡುಗಡೆಯಾಗುವುದು ಕಷ್ಟವಾಗುತ್ತದೆ. ಆಮ್ಲ ತಗ್ಗಿಸುವ 'ಗ್ಯಾಸ್' ಮಾತ್ರೆಗಳನ್ನು ದೀರ್ಘಕಾಲ ನುಂಗಿದರೂ ಹೀಗೆಯೇ ಆಗುತ್ತದೆ. ಮಧುಮೇಹಕ್ಕೆ ಸಾಮಾನ್ಯವಾಗಿ ನೀಡುವ ಮೆಟ್‌ಫಾರ್ಮಿನ್ ಮಾತ್ರೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಯನ್ನು ತಗ್ಗಿಸಬಲ್ಲದು. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನಿರುವುದರಿಂದ ಕೊರತೆ ನಿಧಾನವಾಗಿ ಪ್ರಕಟವಾಗುತ್ತದೆ.

ಈ ಕೊರತೆ ಸಕ್ಕರೆಯ ಲೆಕ್ಕವನ್ನೂ ತಪ್ಪಿಸಬಹುದು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯು ಸುಮಾರು 120 ದಿನ ಬದುಕುವ ಕೆಂಪು ರಕ್ತಕಣಗಳನ್ನು ಅವಲಂಬಿಸಿದೆ. ಬಿ12 ಅಥವಾ ಕಬ್ಬಿಣದ ಕೊರತೆಯಿಂದ ಹೊಸ ಕಣಗಳ ಹುಟ್ಟು ಕುಂಠಿತವಾದಾಗ, ಹಳೆಯ ಕಣಗಳೇ ಹೆಚ್ಚಾಗಿ ಉಳಿದು ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು.

ಸಾಮಾನ್ಯವಾಗಿ ರಕ್ತದ ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಿ12 ಇದ್ದರೆ ಕೊರತೆಯೆಂದೂ, 200ರಿಂದ 300ರ ನಡುವೆ ಇದ್ದರೆ ಅನುಮಾನಾಸ್ಪದವೆಂದೂ ಪರಿಗಣಿಸುತ್ತಾರೆ. ಚಿಕಿತ್ಸೆ ಮಾತ್ರೆ ಅಥವಾ ಚುಚ್ಚುಮದ್ದಿನ ರೂಪದಲ್ಲಿರುತ್ತದೆ. ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ: ಅಜ್ಜಿ ಕನ್ನಡದಲ್ಲಿ ಹೇಳಿದ 'ಜೋಮು' ವೈದ್ಯರಿಗೆ ತಿಳಿಯದೆ ಹೋಗಬಹುದು. ಅದು ಮಲಯಾಳದಲ್ಲಿ 'ತರಿಪ್ಪ್', ಮರಾಠಿಯಲ್ಲಿ 'ಮುಂಗ್ಯಾ ಯೇಣೇ', ತೆಲುಗಿನಲ್ಲಿ 'ತಿಮ್ಮಿರಿ'. ಪಾದ ಮರಗಟ್ಟುವುದನ್ನು ತಮಿಳಿನಲ್ಲಿ 'ಮರತ್ತುಪ್ಪೋದಲ್' ಎನ್ನುತ್ತಾರೆ. ಶಾಲೆಯಲ್ಲಿ ರಾಜ್ಯಭಾಷೆಯನ್ನೂ ಕಲಿಯುತ್ತಿರುವ ಮೊಮ್ಮಕ್ಕಳು ಜೊತೆಗೆ ಹೋಗಿ ಈ ಮಾತನ್ನು ತಲುಪಿಸಲಿ. ಮಾತ್ರೆಯ ಹೆಸರನ್ನೂ ಎಷ್ಟು ವರ್ಷದಿಂದ ಸೇವಿಸುತ್ತಿದ್ದಾರೆಂಬುದನ್ನೂ ಚೀಟಿಯಲ್ಲಿ ಬರೆದೊಯ್ದು, "ಬಿ12 ಪರೀಕ್ಷೆ ಬೇಕೇ?" ಎಂದು ಕೇಳಲಿ.